ಬಯಲಿನಿಂದ ಮನೆಯೊಳಕ್ಕೆ: ಮೈಸೂರಿನ ನಿವೃತ್ತರ ಎರಡು ಬೇಸಿಗೆಗಳು

ಕೊರೊನಾದಿಂದಾಗಿ 2020 ಮತ್ತು 2021ರ ಬೇಸಿಗೆಗಳನ್ನು ಮೈಸೂರಿನ ನಿವೃತ್ತರು ಬಹುಪಾಲು ಮನೆಯೊಳಗೇ ಕಳೆದರು. ಯಾವ ಊರಿನ ವೃದ್ಧರಿಗಾದರೂ ಇದು ಕಷ್ಟದ ಸಂಗತಿಯೇ. ಆದರೆ ‘ಪಿಂಚಣಿದಾರರ ಸ್ವರ್ಗ’ ಎನಿಸಿಕೊಂಡ ಈ ಊರು ವಯಸ್ಸಾದವರಿಗೆ ಕೊಡುತ್ತಿದ್ದ ಸುಖವೆಲ್ಲ ಮನೆಯ ಹೊರಗೇ ಇತ್ತು. ಕೆರೆ ಏರಿಯ ನಡಿಗೆ, ಪಾರ್ಕಿನ ಕಲ್ಲುಬೆಂಚು, ದೇವರಾಜ ಮಾರುಕಟ್ಟೆಯ ಹೂವು ತರಕಾರಿ, ಸಂಜೆಯ ಸಂಗೀತ ಕಛೇರಿ, ಬ್ಯಾಂಕಿನ ಮುಂದೆ ಸಿಗುವ ಹಳೆಯ ಸಹೋದ್ಯೋಗಿ ಎಲ್ಲವೂ ಹೊರಗಿನವು. ಊರಿಗೆ ಇಂಥ ತೆರೆದ ಬಯಲು ಸಿಕ್ಕಿದ್ದರಲ್ಲಿ ಅದಕ್ಕೂ ಸುಮಾರು 120 ವರ್ಷ ಹಿಂದಿನ ಇನ್ನೊಂದು ಪಿಡುಗಿನ ಪಾಲು ದೊಡ್ಡದು.

1898ರ ಆಗಸ್ಟ್‌ನಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂದ ಪ್ಲೇಗು ಮೈಸೂರನ್ನು ತಲುಪಲು ಹೆಚ್ಚು ಕಾಲ ಬೇಕಾಗಲಿಲ್ಲ. ಸಂಸ್ಥಾನ ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮುಂದೆ 1906ರಲ್ಲಿ ದಿವಾನರಾದವರು ಇವರೇ. 1891ರ ಜನಗಣತಿಯಲ್ಲಿ 74,048 ಇದ್ದ ನಗರದ ಜನಸಂಖ್ಯೆ 1901ರಲ್ಲಿ 68,111ಕ್ಕೆ ಇಳಿದಿತ್ತು. ಸತ್ತವರ ಜೊತೆಗೆ ಊರು ಬಿಟ್ಟವರೂ ಈ ಇಳಿಕೆಯಲ್ಲಿ ಸೇರಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆಯ ಬಯಲಿಗೆ ಹೋಗಿ ಗುಡಿಸಲು ಹಾಕಿಕೊಳ್ಳುವುದು ಆ ಕಾಲದ ರೂಢಿ. ಕೋಟೆಯೊಳಗೂ ಅದರ ಸುತ್ತಲೂ ಇದ್ದ ಇಕ್ಕಟ್ಟಾದ ಕೇರಿಗಳು, ಗಾಳಿಬೆಳಕು ಸುಳಿಯದ ಮನೆಗಳು ರೋಗದ ಬೀಡೆಂದು ಆಡಳಿತಕ್ಕೆ ಮನವರಿಕೆಯಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಇಡೀ ಭಾರತದಲ್ಲಿ ಇಂಥ ಮಂಡಳಿಗಳ ಪೈಕಿ ಇದು ಮೊದಮೊದಲಿನದು. ಹಳೆಯ ಕೇರಿಗಳನ್ನು ಸಡಿಲಿಸಿ ಅಗಲವಾದ ನೇರ ರಸ್ತೆಗಳ ಬಡಾವಣೆಗಳನ್ನು ನಿರ್ಮಿಸುವ ಕೆಲಸ ನಡೆಯಿತು. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು ರೂಪು ಪಡೆದದ್ದು ಈ ಕಾಲದಲ್ಲಿ. ಮನೆಗಳ ಹಿಂಬದಿಗೆ ಪೌರಕಾರ್ಮಿಕರ ಓಡಾಟಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಹಳೆಯ ಬಡಾವಣೆಗಳಲ್ಲಿ ಈಗಲೂ ಕಾಣುತ್ತವೆ. ಪ್ಲೇಗು ಜನರನ್ನು ಮನೆಯಿಂದ ಬಯಲಿಗೆ ಓಡಿಸಿತ್ತು. ಅದೇ ಬಯಲಿನಲ್ಲಿ ಎದ್ದ ಬಡಾವಣೆಗಳ ಮುದುಕರನ್ನು ಕೊರೊನಾ ಮನೆಯೊಳಕ್ಕೆ ಕಳಿಸಿತು.

ನಿವೃತ್ತರು ಈ ಊರಿನಲ್ಲಿ ಇಷ್ಟೊಂದು ಮಂದಿ ಇರಲು ಹವೆಯೊಂದೇ ಕಾರಣವಲ್ಲ. ಸಂಸ್ಥಾನದ ಕಾಲದ ಅರಮನೆ ನೌಕರಿ, ಅಠಾರಾ ಕಚೇರಿ, 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ, ರೈಲ್ವೆ ಕಾರ್ಯಾಗಾರ ಒಂದು ತಲೆಮಾರಿನ ಸಂಬಳದಾರರನ್ನು ಬೆಳೆಸಿದವು. ಸ್ವಾತಂತ್ರ್ಯಾನಂತರ ಆಹಾರ ಸಂಶೋಧನೆಯ ಸಿ.ಎಫ್.ಟಿ.ಆರ್.ಐ., ರಕ್ಷಣಾ ಆಹಾರ ಪ್ರಯೋಗಾಲಯ, ಶಿಕ್ಷಕರ ತರಬೇತಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನಗಳು ಬಂದವು. ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು 1991ರಲ್ಲಿ ನಿವೃತ್ತರಾದದ್ದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿಂದಲೇ. ಚಿಕ್ಕಂದಿನಲ್ಲಿ ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡಿದ್ದ ಅವರು ಎಂಬತ್ತು ದಾಟಿದ ಮೇಲೆ ಇನ್ನೊಂದು ಸಾಂಕ್ರಾಮಿಕದ ಕಾಲವನ್ನೂ ಕಂಡರು. ಸರಸ್ವತಿಪುರಂ, ಕುವೆಂಪುನಗರ, ಯಾದವಗಿರಿ, ವಿಜಯನಗರಗಳ ಅನೇಕ ಮನೆಗಳು ಇಂಥ ನೌಕರರ ಭವಿಷ್ಯನಿಧಿಯಿಂದಲೂ ಗೃಹಸಾಲದಿಂದಲೂ ಎದ್ದವು. ಪಿಂಚಣಿದಾರ ಎಂದೊಡನೆ ಈ ಬಡಾವಣೆಗಳಷ್ಟೇ ಕಣ್ಣೆದುರು ಬರುವುದು ಸರಿಯಲ್ಲ. ಗಿರಣಿ ಕಾರ್ಖಾನೆಗಳಲ್ಲಿ ದುಡಿದು, ಭವಿಷ್ಯನಿಧಿ ಸಂಸ್ಥೆಯ ಇಪಿಎಸ್-95 ಯೋಜನೆಯಡಿ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಪಿಂಚಣಿ ನಂಬಿಕೊಂಡವರೂ ನಿವೃತ್ತರೇ. ಜೀವನವಿಡೀ ಕೂಲಿ ಮಾಡಿ ಸರ್ಕಾರದ ವೃದ್ಧಾಪ್ಯ ಪಿಂಚಣಿಯಾದ ‘ಸಂಧ್ಯಾ ಸುರಕ್ಷಾ’ದ ಹಣಕ್ಕಾಗಿ ಅಂಚೆಯವರ ದಾರಿ ಕಾಯುತ್ತಿದ್ದವರನ್ನೂ ಈ ಲೆಕ್ಕದಿಂದ ಹೊರಗಿಡಲಾಗದು.

ಮೊದಲಿನ ಬೇಸಿಗೆಗಳ ದಿನಚರಿ ಬಿಸಿಲಿಗೆ ಹೊಂದಿಕೊಂಡಿತ್ತು. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನದ ತಾಪ 35 ಡಿಗ್ರಿಯ ಆಸುಪಾಸು ಇರುತ್ತದೆ. ಬೆಳಗು ಸಂಜೆಗಳು ಮಾತ್ರ ತಂಪು. ಹೀಗಾಗಿ ಐದೂವರೆಗೇ ಎದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯ ಏರಿಯನ್ನೋ ಚೆಲುವಾಂಬ ಉದ್ಯಾನವನ್ನೋ ಒಂದೆರಡು ಸುತ್ತು ಹಾಕಿ, ದರ್ಶಿನಿಯಲ್ಲಿ ಕಾಫಿ ಕುಡಿದು, ಸೊಪ್ಪು ಹಿಡಿದು ಎಂಟೂವರೆಯೊಳಗೆ ಮನೆ ಸೇರಿದರೆ ಬಿಸಿಲಿಗೆ ಸಿಗುವ ಪ್ರಮೇಯವಿರಲಿಲ್ಲ. ಮಧ್ಯಾಹ್ನ ಮಲಗಿ ಎದ್ದವರಿಗೆ ಸಂಜೆಯ ಪಾರ್ಕು ಕಾದಿರುತ್ತಿತ್ತು. ರಾಮನವಮಿಯ ದಿನಗಳಲ್ಲಿ ಪಾನಕ ಕೋಸಂಬರಿಯ ಜೊತೆಗೆ ಕಛೇರಿಗಳಿರುತ್ತಿದ್ದವು. ಶಾಲೆಗೆ ರಜ ಬಂದೊಡನೆ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಿದ್ದರು. ಮಕ್ಕಳು ಅಮೆರಿಕದಲ್ಲಿರುವ ಕೆಲವು ದಂಪತಿಗಳು ಇದೇ ಕಾಲಕ್ಕೆ ಅಲ್ಲಿಗೆ ಹೊರಡುತ್ತಿದ್ದರು.

2020ರ ಮಾರ್ಚ್‌ನಲ್ಲಿ ಈ ಕ್ರಮ ಹತ್ತು ಹನ್ನೆರಡು ದಿನಗಳೊಳಗೆ ಮುರಿಯಿತು. 20ನೇ ತಾರೀಕಿನಿಂದ ರೈಲ್ವೆ ಇಲಾಖೆ ಹಿರಿಯ ನಾಗರಿಕರ ಟಿಕೆಟ್ ರಿಯಾಯಿತಿಯನ್ನು ತಡೆಹಿಡಿಯಿತು. ವಯಸ್ಸಾದವರು ಅನವಶ್ಯಕವಾಗಿ ಪ್ರಯಾಣ ಮಾಡದಿರಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. 22ರ ಭಾನುವಾರ ಜನತಾ ಕರ್ಫ್ಯೂ ನಡೆಯಿತು. 24ರ ರಾತ್ರಿ ಎಂಟಕ್ಕೆ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಮರುದಿನ ಯುಗಾದಿ. ಶಾರ್ವರಿ ಸಂವತ್ಸರದ ಮೊದಲ ದಿನವೇ ಲಾಕ್‌ಡೌನಿನ ಮೊದಲ ದಿನವೂ ಆಯಿತು. ಬೇವು ಬೆಲ್ಲ ತಿಂದ ಮೇಲೆ ಹಿರಿಯರಿಗೆ ನಮಸ್ಕರಿಸಲು ಮನೆಗೆ ಬರುವವರು ಯಾರೂ ಇರಲಿಲ್ಲ. ಪಂಚಾಂಗ ಶ್ರವಣವನ್ನು ಟಿ.ವಿ.ಯಲ್ಲೇ ಕೇಳಬೇಕಾಯಿತು. 26ರಂದು ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಸೋಂಕು ಪತ್ತೆಯಾಗಿ, ಅಲ್ಲಿಂದ ಹತ್ತಾರು ಮಂದಿಗೆ ಹಬ್ಬಿದ್ದು ತಿಳಿಯುತ್ತ ಹೋದಂತೆ ಮೈಸೂರು ಜಿಲ್ಲೆ ಕೆಂಪು ವಲಯಕ್ಕೆ ಸೇರಿತು. 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಕೇಂದ್ರದ ಸೂಚನೆ ಜೊತೆಗೂಡಿತು. ಗೇಟಿನಾಚೆಗೆ ಕಾಲಿಟ್ಟರೆ ಪೊಲೀಸರಿಗಿಂತ ಮೊದಲು ಅಕ್ಕಪಕ್ಕದವರೇ ಗದರುವ ವಾತಾವರಣ ಹುಟ್ಟಿತು.

ಬಿಸಿಲು ಮನೆಯಿಂದ ಮನೆಗೆ ಬೇರೆಯಾಗಿತ್ತು. ಹಳೆಯ ಹೆಂಚಿನ ಮನೆ, ಮದ್ರಾಸ್ ತಾರಸಿಯ ಮನೆಗಳಲ್ಲಿ ಸೂರು ಎತ್ತರ, ಗೋಡೆ ದಪ್ಪ, ಕೆಂಪು ಗಾರೆಯ ನೆಲ ಕಾಲಿಗೆ ತಣ್ಣಗೆ. ಅಂಥಲ್ಲಿ ಮಧ್ಯಾಹ್ನ ನೆಲದ ಮೇಲೆ ಚಾಪೆ ಹಾಸಿ ಮಲಗಬಹುದಿತ್ತು. 1980ರ ದಶಕದ ನಂತರ ಕಟ್ಟಿದ ಕಾಂಕ್ರೀಟ್ ಮನೆಗಳ ಮಹಡಿ ಹಗಲು ಹೀರಿದ ಕಾವನ್ನು ರಾತ್ರಿಯಿಡೀ ಉಗುಳುತ್ತದೆ. ತಂಪಾದ ಊರೆಂಬ ನಂಬಿಕೆಯಿಂದ ಹವಾನಿಯಂತ್ರಕ ಹಾಕಿಸದ ಮನೆಗಳೇ ಹೆಚ್ಚಾದ್ದರಿಂದ ತಾರಸಿಗೆ ನೀರು ಎರಚುವುದು, ಒದ್ದೆ ಟವೆಲನ್ನು ಕಿಟಕಿಗೆ ಕಟ್ಟುವುದು, ಫ್ರಿಜ್ಜಿನ ನೀರು ಗಂಟಲು ಕೆಡಿಸೀತೆಂಬ ಭಯಕ್ಕೆ ಮಣ್ಣಿನ ಹೂಜಿಯನ್ನು ಮತ್ತೆ ಹೊರತೆಗೆಯುವುದು ನಡೆಯಿತು. ಆ ವರ್ಷ ಸಣ್ಣ ಕೆಮ್ಮು ಕೂಡ ಭಯ ಹುಟ್ಟಿಸುವಂಥದ್ದು. ಅಶ್ವಿನಿ, ಭರಣಿ ಮಳೆಗಳನ್ನು ಕಾಯುವುದರಲ್ಲಿ ಮಧ್ಯಾಹ್ನಗಳು ಸರಿದವು.

ನಡಿಗೆ ತಾರಸಿಗೆ ಸ್ಥಳ ಬದಲಿಸಿತು. ನೀರಿನ ಟ್ಯಾಂಕಿನಿಂದ ತೆಂಗಿನ ಮರದ ಕಡೆಯ ಗೋಡೆಗೆ ಇಷ್ಟು ಹೆಜ್ಜೆ, ದಿನಕ್ಕೆ ಇಷ್ಟು ಸುತ್ತು ಎಂಬ ಲೆಕ್ಕ ಬಂದಿತು. ಎದುರು ಮನೆಯ ತಾರಸಿಯಲ್ಲಿ ನಡೆಯುವವರೊಡನೆ ರಸ್ತೆಯ ಈ ಬದಿಯಿಂದಲೇ ಮಾತು. ಬೇಸಿಗೆಯ ತಾರಸಿಗೆ ಮೊದಲಿನಿಂದಲೂ ಒಡತಿಯರಿದ್ದರು. ಅರಳು ಸಂಡಿಗೆ, ಅಕ್ಕಿ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಗುವ ಜಾಗ ಅದು. ಆ ವರ್ಷ ಸಂಡಿಗೆ ಕಾಯುವ ಕೆಲಸ ಅನೇಕ ಮನೆಗಳಲ್ಲಿ ಯಜಮಾನರ ಪಾಲಿಗೆ ಬಂತು. ಆದರೂ ಮನೆಯ ಹೊರೆ ಹೆಂಗಸರ ಮೇಲೆಯೇ ಹೆಚ್ಚು ಬಿದ್ದದ್ದನ್ನು ಹೇಳದಿದ್ದರೆ ಈ ಚರಿತ್ರೆ ಅರ್ಧವಾದೀತು. ಮನೆಗೆಲಸದವರು ಬರುವಂತಿರಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಮಂಡಿನೋವಿನ ಹೆಂಗಸು ಮತ್ತೆ ನೆಲ ಒರೆಸಿ, ಪಾತ್ರೆ ಬೆಳಗಿ, ಸೊಪ್ಪು ತರಕಾರಿಯನ್ನು ಉಪ್ಪುನೀರಿನಲ್ಲಿ ತೊಳೆದು, ಹಾಲಿನ ಪೊಟ್ಟಣಕ್ಕೂ ಸೋಪು ಹಚ್ಚಿದಳು. ಅವಳಿಗೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಮಾಡಿರಲಿಲ್ಲ. ಕೆಲಸ ನಿಂತ ಮನೆಗೆಲಸದವರ ಕಷ್ಟ ಇದಕ್ಕಿಂತ ದೊಡ್ಡದು. ಅವರಿಗೆ ತಿಂಗಳ ಸಂಬಳ ತಪ್ಪಿಸದ ಮನೆಗಳೂ ಇದ್ದವು, ತಪ್ಪಿಸಿದ ಮನೆಗಳೂ ಇದ್ದವು.

ಮನೆಯೊಳಗಿನ ಹೊತ್ತನ್ನು ತುಂಬಿದ್ದು ಟಿ.ವಿ., ರೇಡಿಯೊ, ಫೋನು. ಮಾರ್ಚ್ 28ರಿಂದ ದೂರದರ್ಶನ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. 1987ರಲ್ಲಿ ಅದು ಮೊದಲು ಬಂದಾಗ ಇವರೆಲ್ಲ ನೌಕರಿಯಲ್ಲಿದ್ದು, ಭಾನುವಾರ ಬೆಳಗ್ಗೆ ಅಕ್ಕಪಕ್ಕದವರನ್ನೂ ಕೂರಿಸಿಕೊಂಡು ನೋಡಿದ್ದರು. ಈ ಸಲ ನೋಡುಗರು ಇಬ್ಬರೇ. ರೇಡಿಯೊ ಮೈಸೂರಿಗೆ ಬರಿಯ ಯಂತ್ರವಲ್ಲ. ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ 1935ರಲ್ಲಿ ಹೊರಟದ್ದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ಒಂಟಿಕೊಪ್ಪಲಿನ ಮನೆಯಿಂದ. ಪತ್ರಿಕೆಯ ಕಾಗದದಿಂದ ಸೋಂಕು ಬಂದೀತೆಂದು ಹೆದರಿ ದಿನಪತ್ರಿಕೆ ಬಿಟ್ಟವರಿಗೆ ಬೆಳಗಿನ ಪ್ರದೇಶ ಸಮಾಚಾರವೇ ಆಧಾರವಾಯಿತು. ವಿಡಿಯೊ ಕರೆ ಕಲಿತವರು ಸಂಜೆಗೊಮ್ಮೆ ಮೊಮ್ಮಕ್ಕಳ ಮುಖ ನೋಡಿದರು. ಅಂತರರಾಷ್ಟ್ರೀಯ ವಿಮಾನಗಳು ಮಾರ್ಚ್ ಕೊನೆಯ ವಾರದಲ್ಲಿ ನಿಂತದ್ದರಿಂದ ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿದ್ದ ತಂದೆತಾಯಿಗಳು ಅಲ್ಲೇ ಉಳಿದರು. ಅಂಥವರನ್ನು ಕರೆತರುವ ವಂದೇ ಭಾರತ್ ಯೋಜನೆಯ ವಿಮಾನಗಳು ಹೊರಟದ್ದು ಮೇ 7ರಿಂದ. ಬಿ.ಪಿ., ಸಕ್ಕರೆ ಕಾಯಿಲೆಗೆಂದು ಕೊಂಡೊಯ್ದಿದ್ದ ಮಾತ್ರೆ ತೀರಿದವರಿಗೆ ಆ ದಿನಗಳು ದೀರ್ಘವಾದವು. ಊರಲ್ಲೇ ಇದ್ದವರಿಗೆ ಮಾರ್ಚ್ 25ರಂದು ಹೊರಬಿದ್ದ ದೂರವೈದ್ಯದ ನಿಯಮಗಳಿಂದ ಅನುಕೂಲವಾಯಿತು. ವೈದ್ಯರು ಫೋನಿನಲ್ಲೇ ಔಷಧ ಬರೆದುಕೊಡುವುದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು.

ಹಣದ ವಿಷಯದಲ್ಲಿ ನಿವೃತ್ತರು ನಿಶ್ಚಿಂತರೆಂಬ ಮಾತು ಆ ಬೇಸಿಗೆಯಲ್ಲಿ ಹೆಚ್ಚು ಕೇಳಿಬಂತು. ಪಿಂಚಣಿ ತಿಂಗಳು ತಿಂಗಳು ಬಂದದ್ದು ನಿಜ. ಆದರೆ ಏಪ್ರಿಲ್ 23ರಂದು ಕೇಂದ್ರ ಸರ್ಕಾರ ತುಟ್ಟಿ ಪರಿಹಾರದ ಏರಿಕೆಯನ್ನು 2021ರ ಜೂನ್‌ವರೆಗೆ ತಡೆಹಿಡಿದು ಶೇ. 17ರಲ್ಲೇ ನಿಲ್ಲಿಸಿತು. ರಾಜ್ಯವೂ ಅದೇ ಹಾದಿ ಹಿಡಿಯಿತು. 2021ರ ಜುಲೈನಿಂದ ಕೇಂದ್ರದ ದರ ಶೇ. 28ಕ್ಕೆ ಏರಿದರೂ ನಡುವಿನ 18 ತಿಂಗಳ ಬಾಕಿ ಸಿಗಲಿಲ್ಲ. ಪಿಂಚಣಿಯಿಲ್ಲದೆ ಬಡ್ಡಿಯಲ್ಲಿ ಬದುಕುವವರ ಪಾಡು ಇನ್ನೂ ಬಿಗಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2020ರ ಏಪ್ರಿಲ್ 1ರಂದು ಶೇ. 8.6ರಿಂದ 7.4ಕ್ಕೆ ಇಳಿಯಿತು. ಆಗಿನ ಮಿತಿಯಾದ 15 ಲಕ್ಷ ರೂಪಾಯಿಯನ್ನು ಮಾರ್ಚ್‌ನಲ್ಲಿ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 32,250 ರೂಪಾಯಿ ಬಂದರೆ, ಏಪ್ರಿಲ್‌ನಲ್ಲಿ ಇಟ್ಟವರಿಗೆ 27,750 ಮಾತ್ರ. ಅದೇ ಮಾರ್ಚ್‌ನಲ್ಲಿ ಸೇವೆಯಿಂದ ನಿವೃತ್ತರಾಗಿ, ಆಮೇಲೆ ಹಣ ಇಡಹೋದವರಿಗೆ ಇದು ಐದು ವರ್ಷಗಳ ನಷ್ಟವಾಗಿತ್ತು.

ಮೇ ಮಧ್ಯದ ಹೊತ್ತಿಗೆ ಜಿಲ್ಲೆಯಲ್ಲಿ ಅಲ್ಲಿಯವರೆಗೆ ದಾಖಲಾಗಿದ್ದ 90 ಸೋಂಕಿತರೂ ಗುಣವಾಗಿ ಮನೆಗೆ ಹೋದರು. ಕೆ.ಆರ್.ಎಸ್. ರಸ್ತೆಯ ಹೊಸ ಜಿಲ್ಲಾಸ್ಪತ್ರೆಯೇ ಆಗ ಕೋವಿಡ್ ಆಸ್ಪತ್ರೆ. ಅದರ ನೆರೆಯಲ್ಲೇ 1921ರಲ್ಲಿ ಆರಂಭವಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆಯಿದೆ. ಕ್ಷಯಕ್ಕೆ ತುತ್ತಾದ ರಾಜಕುಮಾರಿಯ ನೆನಪಿಗೆ ಕಟ್ಟಿಸಿದ್ದು ಅದು. ಮೇ 19ರಿಂದ ಬಸ್ಸುಗಳು ಓಡಿದವು, ಪಾರ್ಕುಗಳು ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ತೆರೆದವು. ಹಿರಿಯರಿಗೆ ಮನೆಯಲ್ಲೇ ಇರಬೇಕೆಂಬ ಸಲಹೆ ಮಾತ್ರ ಮುಂದುವರಿಯಿತು.

ಮರುವರ್ಷದ ಬೇಸಿಗೆ ಲಸಿಕೆಯೊಂದಿಗೆ ಆರಂಭವಾಯಿತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಕೊಡತೊಡಗಿದಾಗ ಬಹಳ ದಿನಗಳ ಮೇಲೆ ಗೆಳೆಯರು ಪರಸ್ಪರ ಕಂಡದ್ದು ಲಸಿಕಾ ಕೇಂದ್ರದ ಸಾಲಿನಲ್ಲಿ. ಮೈಸೂರಿಗೆ ಲಸಿಕೆ ಹೊಸತಲ್ಲ. 1806ರ ಹೊತ್ತಿಗೇ ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ ಸಿಡುಬಿನ ಲಸಿಕೆ ಹಾಕಿಸಿಕೊಂಡು ಜನರ ಹೆದರಿಕೆ ಕಡಿಮೆಯಾಗಲು ಕಾರಣರಾಗಿದ್ದರು. ಈ ಸಲ ಎರಡನೆಯ ಡೋಸಿಗೆ ಮೊದಲೇ ಎರಡನೆಯ ಅಲೆ ಬಂದಿತು. ಏಪ್ರಿಲ್ 27ರಿಂದ ಅಂಗಡಿಗಳು ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ತೆರೆದವು. ಮೇ 10ರಿಂದ ಜಾರಿಗೆ ಬಂದ ಆದೇಶ ದಿನಸಿಗೆ ವಾಹನ ತೆಗೆಯದೆ ನಡೆದೇ ಹೋಗಬೇಕೆಂದಿತು. ಒಂಬತ್ತರ ಬಿಸಿಲಿನಲ್ಲಿ ಮಾಸ್ಕ್ ಹಾಕಿಕೊಂಡು, ಎರಡು ಕೈಚೀಲ ಹಿಡಿದು, ಮರದ ನೆರಳಿಂದ ನೆರಳಿಗೆ ನಿಂತು ನಿಂತು ಬರುವ ಮುದುಕರಿಗೆ ಆ ನಿಯಮ ಕಠಿಣವಾಗಿತ್ತು. ಮೇ 2ರ ರಾತ್ರಿ ನೆರೆಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದಾದ ಸಾವುಗಳ ಸುದ್ದಿ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ದಿಂಬಿನ ಪಕ್ಕ ಸೇರಿತು. 94, 95 ಎಂಬ ಅಂಕಿಗಳನ್ನು ನೋಡಿ ನಿದ್ದೆ ಮಾಡುವ ರಾತ್ರಿಗಳು ಅವು. ಶವಸಂಸ್ಕಾರಕ್ಕೆ ಐವರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಅಸ್ಥಿ ಬಿಡುವ, ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿ ಹದಿನೈದೇ ಕಿಲೋಮೀಟರ್ ದೂರವಿದ್ದರೂ ಅದು ಮಂಡ್ಯ ಜಿಲ್ಲೆಗೆ ಸೇರಿದ್ದು, ಜಿಲ್ಲೆಯ ಗಡಿ ದಾಟುವುದಕ್ಕೆ ನಿರ್ಬಂಧವಿತ್ತು. ಐವತ್ತು ವರ್ಷ ಜೊತೆಗೆ ಬಾಳಿದವರನ್ನು ಕೊನೆಯ ಸಲ ಮುಟ್ಟಲೂ ಆಗದೆ ಕಳಿಸಿಕೊಟ್ಟ ಮನೆಗಳು ಊರಿನ ಪ್ರತಿ ಬಡಾವಣೆಯಲ್ಲೂ ಇವೆ.

ಸೋಂಕಿನ ಪ್ರಮಾಣ ಹೆಚ್ಚಿದ್ದುದರಿಂದ ಜೂನ್‌ನಲ್ಲಿ ಬೇರೆ ಬಹುತೇಕ ಜಿಲ್ಲೆಗಳು ತೆರೆದಾಗಲೂ ಮೈಸೂರು ಮುಚ್ಚಿತ್ತು. ಬೇಸಿಗೆ ಕಳೆದು ಮುಂಗಾರು ಹಿಡಿದ ಮೇಲೆ ನಡಿಗೆಯವರು ಛತ್ರಿ ಹಿಡಿದು ಮತ್ತೆ ಕೆರೆ ಏರಿಗೆ ಬಂದರು. ಜುಲೈ ಕೊನೆಯಲ್ಲಿ ಸಂಧ್ಯಾ ಸುರಕ್ಷಾದ ಮೊತ್ತವನ್ನು 1,000ದಿಂದ 1,200 ರೂಪಾಯಿಗೆ ಏರಿಸುವ ಘೋಷಣೆಯಾಯಿತು. ಬೆಂಗಳೂರಿನ ಮಕ್ಕಳ ಮನೆಗೆ ಹೋಗಿಬರುವ ರೈಲುಗಳೂ ಒಂದೊಂದಾಗಿ ಹೊರಟವು. ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದ ಹಿರಿಯರ ರಿಯಾಯಿತಿ ಮಾತ್ರ ಆ ರೈಲುಗಳೊಡನೆ ಮರಳಿ ಬರಲಿಲ್ಲ.