ಹಿತ್ತಲ ಕೈತೋಟ

ಮನೆಯ ಹಿಂಭಾಗದಲ್ಲಿ ಮನೆಬಳಕೆಗಾಗಿ ಸೊಪ್ಪು, ತರಕಾರಿ, ಹಣ್ಣು ಬೆಳೆಯುವ ತೋಟ. ಕರಾವಳಿ, ಮಲೆನಾಡುಗಳಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು. ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ. ನೀರೂ ಪೋಲಾಗದು, ಬಾಳೆಯೂ ಸೊರಗದು: ಹಿತ್ತಲಿನ ಅತ್ಯಂತ ಜಾಣ ಏರ್ಪಾಡು ಇದೇ.

ದಿನದ ಕೆಲಸ ಬೆಳಿಗ್ಗೆಯೇ ಶುರು. ನೀರು ಹನಿಸಬೇಕು, ಕಳೆ ಕೀಳಬೇಕು, ಎಲೆಯ ಅಡಿಯಲ್ಲಿ ಹುಳು ಹುಡುಕಬೇಕು. ಕುಂಬಳ ಬಳ್ಳಿ ಇನ್ನೂ ಹೆಚ್ಚಿನ ಗಮನ ಬೇಡುತ್ತದೆ. ಅದರ ಗಂಡುಹೂ, ಹೆಣ್ಣುಹೂ ಬೇರೆ ಬೇರೆ. ಜೇನ್ನೊಣ ಸುಳಿಯದಿದ್ದರೆ, ಆಗಷ್ಟೇ ಅರಳಿದ ಗಂಡುಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣುಹೂವಿಗೆ ಸವರಬೇಕು. ಪರಾಗ ಸಿಗದ ಪೀಚು ಹಳದಿಯಾಗಿ ಉದುರುತ್ತದೆ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ. ಹೀರೆಯ ಹೂವಾದರೋ ಅರಳುವುದೇ ಸಂಜೆಗೆ.

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯದಿದ್ದರೆ ಕಾಯಿ ನಾರಾಗುತ್ತದೆ, ಹೊಸ ಹೂವೂ ಕಡಿಮೆಯಾಗುತ್ತದೆ. ಈ ಬೆಳೆಯ ದೊಡ್ಡ ಶತ್ರುವಾದ ಹಳದಿ ನಂಜುರೋಗವನ್ನು ತಾಳಿಕೊಳ್ಳಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಅನಾಮಿಕ’ ತಳಿಯನ್ನು ರೂಪಿಸಿತು. ಬಸಳೆಯದು ಸುಲಭ: ಬುಡ ಉಳಿಸಿ ದಂಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಬಾಳೆಗಿಡ ಗೊನೆ ಬಿಡುವುದು ಒಂದೇ ಸಲ. ಗೊನೆ ಕಡಿದ ಮೇಲೆ ದಿಂಡು ಪಲ್ಯಕ್ಕೆ, ಎಲೆ ಊಟಕ್ಕೆ. ಬುಡದಲ್ಲಿ ಒಂದೆರಡು ಗಟ್ಟಿ ಕಂದುಗಳನ್ನಷ್ಟೇ ಬಿಟ್ಟು ಉಳಿದವನ್ನು ಕಿತ್ತು ಬೇರೆಡೆ ನೆಡುತ್ತಾರೆ, ಇಲ್ಲವೇ ನೆರೆಮನೆಗೆ ಕೊಡುತ್ತಾರೆ.