ಇಳಿಜಾರು ಜಾಗದಲ್ಲಿ ಹಂತದ ಅಂಗಳ ಮತ್ತು ಡೆಕ್: ಕಟ್ಟುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಉಪ್ಪಳ ಪೇಟೆಯಿಂದ ಪೂರ್ವಕ್ಕೆ ಬಾಯಾರು, ಪೈವಳಿಕೆ ಕಡೆಗೆ ಹೊರಟರೆ ಸಮತಟ್ಟು ಜಾಗ ಬೇಗನೆ ಮುಗಿಯುತ್ತದೆ. ಕೆಳಗೆ ಅಡಿಕೆ ತೋಟ, ಗುಡ್ಡದ ಮೈಯಲ್ಲಿ ಮನೆ, ಅದರ ಹಿಂದೆ ಎತ್ತರದ ಬರೆ. ಪಶ್ಚಿಮಕ್ಕೆ ಬಂದರೆ ಹೊಳೆಬದಿಯಲ್ಲೂ ಕಡಲಬದಿಯಲ್ಲೂ ಮಳೆನೀರಿಗೆ ಹೆದರಿ ಪಂಚಾಂಗವನ್ನು ಎತ್ತರಿಸಿ ಕಟ್ಟಿದ ಮನೆಗಳು. ಎರಡೂ ಕಡೆಯ ಪ್ರಶ್ನೆ ಒಂದೇ: ಮನೆಯ ಬಾಗಿಲಿಗೂ ಹೊರಗಿನ ನೆಲಕ್ಕೂ ನಡುವೆ ಇರುವ ಎತ್ತರವನ್ನು ಏನು ಮಾಡುವುದು?

ಹಿಂದಿನವರು ಇದಕ್ಕೆ ಜಗಲಿ, ಮೆಟ್ಟಿಲು, ಮೇಲಂಗಳ, ಕೆಳಂಗಳ ಎಂದು ಹಂತ ಹಂತವಾಗಿ ಇಳಿದು ಉತ್ತರ ಕಂಡುಕೊಂಡಿದ್ದರು. ಈಗ ಜೆಸಿಬಿ ತಂದು ಒಂದೇ ದಿನದಲ್ಲಿ ಗುಡ್ಡವನ್ನು ನೇರವಾಗಿ ಕಡಿದು ದೊಡ್ಡ ಅಂಗಳ ಮಾಡಿಕೊಳ್ಳುವ ರೂಢಿ ಬಂದಿದೆ. 2025ರ ಮೇ 30ರಂದು ಇಲ್ಲಿಂದ ಹೆಚ್ಚು ದೂರವಿಲ್ಲದ ಮಂಜನಾಡಿ ಗ್ರಾಮದ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದು, ಮಕ್ಕಳ ಸಹಿತ ಜೀವಹಾನಿಯಾದದ್ದು ನಮಗೆಲ್ಲ ನೆನಪಿದೆ. ಅಂಗಳದ ಕೆಲಸವನ್ನು ಬರೀ ಅಂದಚಂದದ ವಿಷಯವೆಂದು ಭಾವಿಸಬಾರದು. ಮನೆ ಕಟ್ಟುವ ಅಥವಾ ಅಂಗಳ ವಿಸ್ತರಿಸುವ ಯೋಚನೆಯಲ್ಲಿರುವ ಸದಸ್ಯರಿಗೆ ಉಪಯೋಗವಾಗಲೆಂದು ಮುಖ್ಯ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ನಮ್ಮ ಮಣ್ಣು ಎಂಥದು?

ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು. ನೆಲದಲ್ಲಿರುವಾಗ ಕತ್ತರಿಸಲು ಸುಲಭ, ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿ. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಅವನು ಅದನ್ನು ಗಮನಿಸಿದ್ದು ನಮ್ಮದೇ ರಾಜ್ಯದ ಅಂಗಡಿಪ್ಪುರಂನಲ್ಲಿ.

ತೊಂದರೆ ಇರುವುದು ಅದರ ಕೆಳಗೆ. ಮುರಕಲ್ಲಿನ ಗಟ್ಟಿ ಪದರದ ಅಡಿಯಲ್ಲಿ ಹಲವು ಕಡೆ ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪು ಮಣ್ಣು ಇರುತ್ತದೆ. ಇದನ್ನೇ ನಾವು ಶೇಡಿಮಣ್ಣು ಎನ್ನುತ್ತೇವೆ. ಬೇಸಗೆಯಲ್ಲಿ ಇದು ಕಲ್ಲಿನಂತೆ ನೇರವಾಗಿ ನಿಲ್ಲುತ್ತದೆ. ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಂಡು ಜಾರುತ್ತದೆ. ಫೆಬ್ರವರಿಯಲ್ಲಿ ಕಡಿದ ಬರೆ ಮೇ ತಿಂಗಳವರೆಗೆ ಅಲುಗದೆ ನಿಂತದ್ದನ್ನು ನೋಡಿ ಧೈರ್ಯ ತಾಳಬಾರದು. ಬರೆಯ ಬುಡದಲ್ಲಿ ಶೇಡಿಮಣ್ಣು ಕಂಡರೆ ಅಲ್ಲಿಗೇ ಅಗೆತ ನಿಲ್ಲಿಸಿ, ಎಂಜಿನಿಯರರನ್ನು ಕರೆದು ತೋರಿಸುವುದು ಲೇಸು.

ಇನ್ನೊಂದು ನಮ್ಮ ಕಡೆಗೇ ವಿಶೇಷವಾದ ಎಚ್ಚರಿಕೆ: ಸುರಂಗ. ಬಾಯಾರು, ಪೈವಳಿಕೆ, ಎಣ್ಮಕಜೆ ಭಾಗದ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಹಳೆಯ ಸುರಂಗಗಳು ಬಹಳ ಇವೆ. ಬಳಕೆ ನಿಂತು ಬಾಯಿ ಮುಚ್ಚಿಹೋದವೂ ಇವೆ. ತಡೆಗೋಡೆಯಾಗಲಿ ಕಂಬವಾಗಲಿ ಇಂಥ ಪೊಳ್ಳಿನ ಮೇಲೆ ಕೂರಬಾರದು. ಜಾಗದ ಹಿಂದಿನ ಮಾಲಿಕರನ್ನೂ ನೆರೆಯ ಹಿರಿಯರನ್ನೂ ಕೇಳಿ ತಿಳಿದುಕೊಳ್ಳುವುದು ಮೊದಲ ಕೆಲಸ.

ಒಂದು ಎತ್ತರದ ಗೋಡೆಯೋ, ಮೂರು ತಗ್ಗು ಗೋಡೆಗಳೋ?

ಮಣ್ಣು ತಡೆಗೋಡೆಯನ್ನು ತಳ್ಳುವ ಬಲ ಗೋಡೆಯ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟು. ಈ ಲೆಕ್ಕದಲ್ಲಿ 3 ಮೀಟರಿನ ಒಂದು ಗೋಡೆಯ ಮೇಲೆ ಬೀಳುವ ಬಲ 1 ಮೀಟರಿನ ಗೋಡೆಯ ಮೇಲಿನದಕ್ಕಿಂತ ಒಂಬತ್ತು ಪಟ್ಟು. ಹಂತದ ಅಂಗಳದ ಗುಟ್ಟು ಇದೇ. 3 ಮೀಟರ್ ಇಳಿಜಾರನ್ನು ಒಂದೊಂದು ಮೀಟರಿನ ಮೂರು ಹಂತ ಮಾಡಿದರೆ ಪ್ರತಿ ಗೋಡೆಯೂ ಸಣ್ಣ ಕೆಲಸವಾಗುತ್ತದೆ.

ಆದರೆ ಹಂತಗಳ ನಡುವೆ ಸಾಕಷ್ಟು ಅಂತರ ಬೇಕು. ಮೇಲಿನ ಗೋಡೆ ಕೆಳಗಿನದಕ್ಕೆ ತೀರಾ ಹತ್ತಿರವಾದರೆ ಅದರ ಭಾರ ಕೆಳಗಿನದರ ಮೇಲೆಯೇ ಬೀಳುತ್ತದೆ. ಆಗ ಹೆಸರಿಗೆ ಮೂರು ಗೋಡೆ, ಲೆಕ್ಕಕ್ಕೆ ಒಂದೇ. ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟಾದರೂ ಹಿಂದಕ್ಕೆ ಸರಿದು ಮೇಲಿನದನ್ನು ಕಟ್ಟುವುದು ವಾಡಿಕೆ. 1 ಮೀಟರ್ ಗೋಡೆಗೆ 2 ಮೀಟರ್ ಅಂತರ. ಅಷ್ಟು ಜಾಗವಿಲ್ಲದಿದ್ದರೆ ಅಥವಾ ಒಂದು ಗೋಡೆ 1.5 ಮೀಟರ್ ಮೀರುವುದಾದರೆ ಮೇಸ್ತ್ರಿಯ ಅನುಭವವೊಂದನ್ನೇ ನಂಬಬೇಡಿ, ಎಂಜಿನಿಯರರಿಂದ ನಕ್ಷೆ ಮಾಡಿಸಿ.

ಮುರಕಲ್ಲಿನ ತಗ್ಗು ಗೋಡೆ ನಮ್ಮಲ್ಲಿ ಚೆನ್ನಾಗಿಯೇ ಬಾಳುತ್ತದೆ. ಕಲ್ಲು ಆರಿಸುವಾಗ ನೋಡಿ. ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಮುರಕಲ್ಲು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು. ತೂಕದ 12 ಶೇಕಡಾಕ್ಕಿಂತ ಹೆಚ್ಚು ನೀರು ಹೀರಬಾರದು. ಕೈಯಲ್ಲಿ ಉದುರುವ, ಒಳಗೆ ಬಿಳಿ ಮಣ್ಣಿನ ಗೂಡುಗಳಿರುವ ಕಲ್ಲನ್ನು ತಡೆಗೋಡೆಗೆ ಬಳಸಬೇಡಿ. ಸದಾ ತೇವವಿರುವ ತಳಪಾಯಕ್ಕೆ ಶಿಲೆಕಲ್ಲು ಉತ್ತಮ.

ನೀರೇ ನಿಜವಾದ ಭಾರ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 50 ಚದರ ಮೀಟರಿನ ಒಂದು ಅಂಗಳದ ಮೇಲೆ ವರ್ಷಕ್ಕೆ ಬೀಳುವ ನೀರು 1,75,000 ಲೀಟರ್ ಎಂದಾಯಿತು. ಗಂಟೆಗೆ 50 ಮಿಲಿಮೀಟರಿನ ಜಡಿಮಳೆಯಾದರೆ ಅದೇ ಅಂಗಳದಿಂದ ಒಂದು ಗಂಟೆಯಲ್ಲಿ 2,500 ಲೀಟರ್ ಹೊರಹೋಗಬೇಕು. ಈ ನೀರಿಗೆ ದಾರಿ ಮಾಡದೆ ಕಟ್ಟಿದ ಗೋಡೆಯ ಹಿಂದೆ ಮಣ್ಣು ನೆನೆದು, ನೀರು ನಿಂತು, ಗೋಡೆಯನ್ನು ತಳ್ಳುವ ಬಲ ಎರಡು ಪಟ್ಟಿಗೂ ಮೀರಬಹುದು. ತಡೆಗೋಡೆಗಳು ಮಳೆಗಾಲದಲ್ಲೇ ಬೀಳುವುದಕ್ಕೆ ಮುಖ್ಯ ಕಾರಣ ಇದೇ. ಆದ್ದರಿಂದ:

- ಗೋಡೆಯ ಹಿಂಬದಿಗೆ ಅಗೆದ ಮಣ್ಣನ್ನೇ ತುಂಬಬೇಡಿ. ಕನಿಷ್ಠ 30 ಸೆಂಟಿಮೀಟರ್ ದಪ್ಪಕ್ಕೆ ಜಲ್ಲಿ ತುಂಬಿ, ಮಣ್ಣಿಗೂ ಜಲ್ಲಿಗೂ ನಡುವೆ ನೀರು ಸೋಸುವ ಬಟ್ಟೆ ಹಾಸಿ.
- ಗೋಡೆಯಲ್ಲಿ ನೀರು ಒಸರಲು ಪಿವಿಸಿ ಪೈಪಿನ ತೂತುಗಳನ್ನು ಒಂದೂವರೆ ಮೀಟರಿಗೊಂದರಂತೆ, ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಬಿಡಿ. ಬಣ್ಣ ಬಳಿಯುವಾಗ, ಗಿಲಾವು ಮಾಡುವಾಗ ಇವನ್ನು ಮುಚ್ಚಿಸಬೇಡಿ.
- ಪ್ರತಿ ಹಂತದ ನೆಲವೂ ಮನೆಯಿಂದ ಹೊರಕ್ಕೆ, 50ಕ್ಕೆ 1ರಂತೆ ಇಳಿಜಾರಾಗಿರಲಿ. ಅಂದರೆ ಒಂದು ಮೀಟರಿಗೆ 2 ಸೆಂಟಿಮೀಟರ್.
- ಮೇಲಿನ ಹಂತದ ನೀರು ಕೆಳಗಿನ ಹಂತಕ್ಕೆ ಧುಮುಕಬಾರದು. ಪ್ರತಿ ಹಂತಕ್ಕೂ ಬದಿ ಚರಂಡಿ ಇದ್ದು, ಅದು ಗಟ್ಟಿ ಕಾಲುವೆಯಲ್ಲಿ ತೋಡಿಗೆ ಸೇರಲಿ. ನೆರೆಮನೆಯ ಬರೆಗೆ ನೀರು ಬಿಟ್ಟರೆ ಜಗಳ ಮಾತ್ರವಲ್ಲ, ಅಪಾಯವೂ ಹೌದು.
- ಇಂಗುಗುಂಡಿ ಒಳ್ಳೆಯದೇ, ಆದರೆ ಬರೆಯ ಅಂಚಿನಲ್ಲಿ ಅಲ್ಲ. ಸೆಪ್ಟಿಕ್ ಟ್ಯಾಂಕಿನ ಸೋಕ್ ಪಿಟ್‌ಗೂ ಇದೇ ಮಾತು. ತಡೆಗೋಡೆಯ ತಲೆಯಲ್ಲಿ ನೀರು ಇಂಗಿಸುವುದೆಂದರೆ ಗೋಡೆಯನ್ನು ನಾವೇ ತಳ್ಳಿದಂತೆ.

ಕಡಿದ ಬರೆಯ ಮೈಗೆ ಲಾವಂಚ ನೆಡುವುದು ಅಗ್ಗದ, ಪ್ರಯೋಜನಕಾರಿ ಉಪಾಯ. ಅದರ ಬೇರು ನೇರ ಆಳಕ್ಕೆ ಇಳಿದು ಮೇಲ್ಮಣ್ಣನ್ನು ಹಿಡಿದಿಡುತ್ತದೆ. ಆದರೆ ತಡೆಗೋಡೆ ಬೇಕಾದಲ್ಲಿ ಲಾವಂಚ ಅದಕ್ಕೆ ಬದಲಿಯಾಗದು.

ಕಂಬದ ಮೇಲಿನ ಡೆಕ್

ಮಣ್ಣು ತುಂಬಿ ಅಂಗಳ ಮಾಡುವ ಬದಲು ಕಂಬ ನಿಲ್ಲಿಸಿ ಅದರ ಮೇಲೆ ನೆಲ ಹಾಸುವುದು ಇನ್ನೊಂದು ದಾರಿ. ಗುಡ್ಡವನ್ನು ಕಡಿಯಬೇಕಾಗಿಲ್ಲ, ಮಳೆನೀರು ಅಡಿಯಲ್ಲಿ ತನ್ನ ದಾರಿಯಲ್ಲೇ ಹರಿಯುತ್ತದೆ. ಪಂಚಾಂಗ ಎತ್ತರಿಸಿದ ತಗ್ಗುಪ್ರದೇಶದ ಮನೆಗಳಿಗೂ ಇದು ಹೊಂದುತ್ತದೆ, ಏಕೆಂದರೆ ನೆರೆನೀರಿಗೆ ಅಡ್ಡಿಯಾಗುವುದಿಲ್ಲ.

ಕಂಬದ ತಳಪಾಯ ಮೂಲ ಗಟ್ಟಿನೆಲಕ್ಕೆ ಇಳಿಯಬೇಕು. ತುಂಬಿಸಿದ ಮಣ್ಣಿನ ಮೇಲೆ ನಿಂತ ಕಂಬ ಎರಡು ಮಳೆಗಾಲದೊಳಗೆ ಕುಸಿಯಬಹುದು. ಡೆಕ್ಕನ್ನು ಹಳೆಯ ಮುರಕಲ್ಲಿನ ಗೋಡೆಗೆ ಕೊರೆದು ನೇತುಹಾಕುವುದು ಬೇಡ. ಮನೆಯ ಬದಿಗೂ ಪ್ರತ್ಯೇಕ ಕಂಬ ಕೊಟ್ಟು, ನಡುವೆ ಎರಡು ಸೆಂಟಿಮೀಟರ್ ಸಂದು ಬಿಡಿ. ಮನೆ ಮತ್ತು ಡೆಕ್ ಬೇರೆಬೇರೆ ರೀತಿ ಕೂತರೂ ಬಿರುಕು ಬರುವುದಿಲ್ಲ. ಭಾರದ ಲೆಕ್ಕವನ್ನು ದಿನನಿತ್ಯದ ಕುರ್ಚಿಮೇಜಿಗೆ ಮಾಡಬೇಡಿ. ನಮ್ಮ ಮನೆಗಳಲ್ಲಿ ಪೂಜೆ, ಮದುವೆ, ತಾಳಮದ್ದಳೆ ಎಂದು ಜನ ಒಟ್ಟಾಗಿ ಸೇರುವುದಿದೆ. ಚದರ ಮೀಟರಿಗೆ 300 ಕಿಲೋ ತಾಳುವಂತೆ ಮಾಡಿಸಿ.

ಇನ್ನು ಸಾಮಗ್ರಿ. ಮರವೆಂದರೆ ಕಿರಾಲಬೋಗಿ, ತೇಗ, ಬಲಿತ ಹಲಸು ಬಾಳಿಕೆಯವು. ಆದರೂ ಕಂಬದ ಬುಡ ನೇರ ಮಣ್ಣಿಗೆ ತಾಗದಂತೆ ನೆಲದಿಂದ 15 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ನಿಲ್ಲಿಸಿ. ಇಲ್ಲವಾದರೆ ಗೆದ್ದಲು ಮತ್ತು ತೇವ ಬಿಡುವುದಿಲ್ಲ. ಹಲಗೆಗಳ ನಡುವೆ ಅರ್ಧ ಸೆಂಟಿಮೀಟರ್ ಸಂದಿ ಇರಲಿ. ಕಬ್ಬಿಣವಾದರೆ ಉಪ್ಪುಗಾಳಿಯ ಯೋಚನೆ ಮಾಡಬೇಕು. ಜಿಐ ಪೈಪು ತಂದರೂ ಬೆಸುಗೆ ಹಾಕಿದ ಜಾಗದಲ್ಲಿ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬೆಸುಗೆಯ ಮೇಲೆ ಸತುವಿನ ಪ್ರೈಮರ್ ಬಳಿದು, ಪ್ರತಿ ಮಳೆಗಾಲದ ನಂತರ ನೋಡಿಕೊಳ್ಳಬೇಕು. ಹೆಚ್ಚು ಚಿಂತೆಯಿಲ್ಲದ್ದು ಕಾಂಕ್ರೀಟ್. ಆದರೆ ಒಳಗಿನ ಸರಳಿನ ಮೇಲೆ ಸಾಕಷ್ಟು ಕಾಂಕ್ರೀಟ್ ಹೊದಿಕೆ ಇಲ್ಲದಿದ್ದರೆ ಕಡಲಬದಿಯಲ್ಲಿ ಅದೂ ಸಿಡಿಯುತ್ತದೆ.

ಮೆಟ್ಟಿಲು, ಕೈಪಿಡಿ, ಹಿರಿಯರು

ಜಾರುವುದು ಪಾಚಿಗಟ್ಟಿದ ಹೊರಮೆಟ್ಟಿಲಲ್ಲಿ. ಹೊರಗಿನ ಮೆಟ್ಟಿಲು 15 ಸೆಂಟಿಮೀಟರಿಗಿಂತ ಎತ್ತರವಾಗದಿರಲಿ, ಕಾಲಿಡುವ ಜಾಗ 30 ಸೆಂಟಿಮೀಟರ್ ಇರಲಿ. ಒಂದು ಮೀಟರಿನ ಹಂತಕ್ಕೆ 7 ಮೆಟ್ಟಿಲು ಬೇಕು, ಅದಕ್ಕೆ ಸುಮಾರು 2 ಮೀಟರ್ ಉದ್ದದ ಜಾಗ. ಎಲ್ಲ ಮೆಟ್ಟಿಲೂ ಒಂದೇ ಅಳತೆಯದ್ದಾಗಿರುವುದು ಮುಖ್ಯ; ಕೊನೆಯ ಒಂದು ಮೆಟ್ಟಿಲು ಗಿಡ್ಡವಾದರೂ ಕಾಲು ತಪ್ಪುತ್ತದೆ. ನುಣುಪು ಟೈಲ್ಸ್ ಬೇಡ, ಒರಟು ಮೈಯ ಕಲ್ಲು ಅಥವಾ ಗೀರು ಹಾಕಿದ ಸಿಮೆಂಟ್ ಸಾಕು.

ಹಂತದ ಅಂಚಿನ ಕಂಬಿಬೇಲಿ 1 ಮೀಟರಿಗಿಂತ ಕಡಿಮೆಯಾಗಬಾರದು. ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇದ್ದರೆ ಮಗುವಿನ ತಲೆ ತೂರಬಹುದು. ಗಾಲಿಕುರ್ಚಿಗೆ ಇಳಿಜಾರು ದಾರಿ ಮಾಡುವುದಾದರೆ 12ಕ್ಕೆ 1ರಂತೆ, ಒಂದು ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದ ಬೇಕು. ಅಷ್ಟು ಜಾಗ ಎಲ್ಲರಲ್ಲಿಲ್ಲ. ಹಾಗಾಗಿ ಅಜ್ಜ ಅಜ್ಜಿಯ ಕೋಣೆ, ವಾಹನ ಬಂದು ನಿಲ್ಲುವ ಜಾಗ ಇವೆರಡನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡು ಉಳಿದ ಹಂತಗಳನ್ನು ಯೋಚಿಸುವುದು ಜಾಣತನ. ಅಡಿಕೆ ಒಣಗಿಸುವ ಮನೆಯಾದರೆ ದಿನವಿಡೀ ಬಿಸಿಲು ಬೀಳುವ ಹಂತವನ್ನು ಅದಕ್ಕೇ ಮೀಸಲಿಡಿ. ಡೆಕ್ಕಿನ ನೆರಳು ಅದರ ಮೇಲೆ ಬೀಳದಿರಲಿ.

ಅನುಮತಿ, ಅರ್ಜಿ, ಭಾಷೆ

ನಮ್ಮ ಗ್ರಾಮ ಪಂಚಾಯತುಗಳಲ್ಲಿ ಕಟ್ಟಡಗಳಿಗೆ 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳು ಅನ್ವಯಿಸುತ್ತವೆ. ಕಂಬ ನಿಲ್ಲಿಸುವ ಅಥವಾ ಗುಡ್ಡ ಕಡಿಯುವ ಮೊದಲೇ ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿ. ಅಗೆದ ಮಣ್ಣನ್ನು ಜಾಗದಿಂದ ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳನ್ನೂ ತಿಳಿದುಕೊಳ್ಳಬೇಕು. ಕಡಲು ಮತ್ತು ಅಳಿವೆಯ ಬದಿಯವರಿಗೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧವಿದೆ. ತಲಪಾಡಿಯಿಂದ ಆಚೆಗಿನ ಸದಸ್ಯರು ತಮ್ಮ ಗ್ರಾಮ ಪಂಚಾಯತಿನಲ್ಲಿ ಕರ್ನಾಟಕದ ನಿಯಮ ಕೇಳಿಕೊಳ್ಳಬೇಕು. ಎರಡೂ ಕಡೆ ಕ್ರಮ ಒಂದೇ ಅಲ್ಲ.

ನಕ್ಷೆಯ ಷರತ್ತುಗಳು ಮಲಯಾಳದಲ್ಲಿ ಬಂದಾಗ ಅರ್ಥವಾಗದೆ ಸಹಿ ಹಾಕಬೇಡಿ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆಗಿನ ಕಾಸರಗೋಡು ತಾಲೂಕಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಉಪ್ಪಳ ಕೇಂದ್ರವಾಗಿರುವ ಇಂದಿನ ಮಂಜೇಶ್ವರ ತಾಲೂಕು ಅದರಿಂದಲೇ ಬೇರ್ಪಟ್ಟದ್ದು. ಸುರಕ್ಷತೆಯ ಷರತ್ತನ್ನು ನಮ್ಮ ಭಾಷೆಯಲ್ಲಿ ಓದಿ ತಿಳಿಯುವುದು ನಮ್ಮ ಹಕ್ಕು.

ಯಾವಾಗ ಕಟ್ಟಬೇಕು?

ದೀಪಾವಳಿಯ ನಂತರ ಮಣ್ಣು ಒಣಗಿದ ಮೇಲೆ ಕೆಲಸ ಆರಂಭಿಸಿ, ಪತ್ತನಾಜೆಯೊಳಗೆ ಚರಂಡಿ ಸಹಿತ ಎಲ್ಲ ಮುಗಿಯಬೇಕು. ಕಾಂಕ್ರೀಟ್ ತನ್ನ ಪೂರ್ಣ ಬಲಕ್ಕೆ ಬರಲು 28 ದಿನ ಬೇಕು, ಗೋಡೆಯ ಹಿಂದೆ ತುಂಬುವುದು ಅದರ ನಂತರ. ಹಾಗಾಗಿ ತಡೆಗೋಡೆಯ ಕಾಂಕ್ರೀಟ್ ಏಪ್ರಿಲ್ ನಡುವಿನೊಳಗೆ ಆಗಿರಬೇಕು. ಗುಡ್ಡವನ್ನು ಒಮ್ಮೆಗೇ ಉದ್ದಕ್ಕೆ ಕಡಿಯದೆ ತುಂಡು ತುಂಡಾಗಿ ಕಡಿದು, ಆ ತುಂಡಿನ ಗೋಡೆ ಮುಗಿಸಿ ಮುಂದುವರಿಯಿರಿ. ಕಡಿದ ಬರೆಯ ಬುಡದಲ್ಲಿ ಕೆಲಸದವರನ್ನು ಮಳೆ ಬರುವಾಗ ನಿಲ್ಲಿಸಬೇಡಿ.

ಮಳೆಗಾಲದಲ್ಲಿ ಗಮನಿಸಬೇಕಾದ ಲಕ್ಷಣಗಳು

ಬರೆಯ ಮೇಲ್ಭಾಗದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕರೆಂಟ್ ಕಂಬ, ಉಬ್ಬಿದ ಗೋಡೆ, ಒಸರು ತೂತಿನಿಂದ ಕೆಸರು ನೀರು, ಜೋರು ಮಳೆಯಲ್ಲೂ ಇದ್ದಕ್ಕಿದ್ದಂತೆ ನಿಂತುಹೋದ ಒಸರು, ಮುಚ್ಚದ ಬಾಗಿಲು ಕಿಟಕಿ: ಇವುಗಳಲ್ಲಿ ಒಂದು ಕಂಡರೂ ಬರೆಯ ಕಡೆಯ ಕೋಣೆಯಲ್ಲಿ ಮಲಗಬೇಡಿ. ಮನೆಯವರೆಲ್ಲ ಸುರಕ್ಷಿತ ಜಾಗಕ್ಕೆ ಹೋಗಿ, ಗ್ರಾಮ ಕಚೇರಿಗೆ ತಿಳಿಸಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ಸೇವೆಗೆ 112. ಬಿರುಕಿಗೆ ನೀರು ಇಳಿಯದಂತೆ ಟಾರ್ಪಾಲು ಹೊದೆಸುವುದು ಹಗಲಿನಲ್ಲಿ, ಮಳೆ ಬಿಟ್ಟಾಗ ಮಾತ್ರ.

ಈ ಲೇಖನ ಎಂಜಿನಿಯರರ ಸಲಹೆಗೆ ಬದಲಿಯಲ್ಲ. ಅವರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳಲು ಸಹಾಯವಾದರೆ ನಮ್ಮ ಉದ್ದೇಶ ಈಡೇರಿದಂತೆ. ಗುಡ್ಡದ ಬದಿಯಲ್ಲಿ ಮನೆಯಿರುವ ನಿಮ್ಮ ಬಂಧುಗಳಿಗೂ ನೆರೆಯವರಿಗೂ ಇದನ್ನು ಮಳೆಗಾಲಕ್ಕೆ ಮೊದಲೇ ತಲುಪಿಸಬೇಕಾಗಿ ವಿನಂತಿ.