ಬೀಳಗಿ ಸೋದರಿಯರ ಗ್ರಾಮಫೋನ್ ಮುದ್ರಿಕೆಗಳು

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಸೋದರಿಯರ ಗಾಯನ 78 ಆರ್‌ಪಿಎಂ ತಟ್ಟೆಗಳಲ್ಲಿ ಉಳಿದುಬಂದಿದೆ. ಈ ಮುದ್ರಿಕೆಗಳ ಚರಿತ್ರೆಯಲ್ಲಿ ಮೊದಲು ಬಿಡಿಸಬೇಕಾದದ್ದು ಹೆಸರುಗಳ ಗೋಜಲು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ಬೇರೆ. ಮೂಕಿ ಚಿತ್ರಗಳ ಕಾಲದ ತಾರೆ ಮಿಸ್ ಗೋಹರ್ ಬೇರೆ. ಬಾಲಗಂಧರ್ವರೊಂದಿಗೆ ಮರಾಠಿ ರಂಗಭೂಮಿಯಲ್ಲಿ ಹಾಡಿದ ಬೀಳಗಿಯ ಗೋಹರಬಾಯಿಯೇ ಬೇರೆ. ಅಮೀರಬಾಯಿ ಹುಟ್ಟಿದ ವರ್ಷವೂ ಒಂದೆಡೆ 1906, ಇನ್ನೊಂದೆಡೆ 1912 ಎಂದು ನಮೂದಾಗಿದೆ. ಅಮೀರಬಾಯಿಯನ್ನು ಕುರಿತ ರಹಮತ್ ತರೀಕೆರೆಯವರ ಪುಸ್ತಕ ಬಂದ ಮೇಲೆ ಅವರ ಬದುಕಿನ ಕನ್ನಡ ನೆಲೆ ಓದುಗರಿಗೆ ಸ್ಪಷ್ಟವಾಯಿತು.

ಸಾಮಾನ್ಯವಾಗಿ ಈ ಮುದ್ರಿಕೆಗಳನ್ನು ಹಿಂದಿ ಸಿನಿಮಾದ ಅಧ್ಯಾಯವೆಂದೇ ಓದಲಾಗುತ್ತದೆ. ಅದಕ್ಕೆ ಕಾರಣವೂ ಇದೆ: 1934ರ ‘ವಿಷ್ಣುಭಕ್ತಿ’ಯಿಂದ ಚಿತ್ರರಂಗಕ್ಕೆ ಬಂದ ಅಮೀರಬಾಯಿಯನ್ನು ಮನೆಮಾತಾಗಿಸಿದ್ದು ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ (1943), ಮರುವರ್ಷ ನೌಶಾದರ ‘ರತನ್’ ಆ ಹೆಸರನ್ನು ಗಟ್ಟಿಮಾಡಿತು. ಆದರೆ ಹೆಸರು ತಂದುಕೊಟ್ಟದ್ದು ಸಿನಿಮಾ, ಹಾಡುಗಾರಿಕೆಯನ್ನು ರೂಪಿಸಿದ್ದು ರಂಗಗೀತೆ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಪದ ಕೇಳಬೇಕು, ರಾಗದ ಮುಖ ಕಾಣಬೇಕು, ಭಾವ ತಲುಪಬೇಕು. ಪೇಟಿ, ತಬಲಾ ಬೆನ್ನಿಗಿಟ್ಟುಕೊಂಡು, ಮೈಕಿಲ್ಲದೆ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸಬೇಕಿದ್ದ ಕಂಪನಿ ನಾಟಕದ ರಂಗಗೀತೆ ಕಲಿಸುತ್ತಿದ್ದದ್ದು ಇದನ್ನೇ. ‘ಕಿಸ್ಮತ್’ನ ಎರಡು ಹಾಡುಗಳನ್ನು ಒಟ್ಟಿಗಿಟ್ಟು ಕೇಳಿದರೆ ಇದು ತಿಳಿಯುತ್ತದೆ. ಜೋಗುಳದ ಧಾಟಿಯ ಹಾಡಿನಲ್ಲಿ ದನಿ ಇಳಿದು ಮೆತ್ತಗಾಗುತ್ತದೆ. ಖಾನ್ ಮಸ್ತಾನರೊಂದಿಗೆ ಹಾಡಿದ ದೇಶಭಕ್ತಿಯ ಗೀತೆಯಲ್ಲಿ ಅದೇ ದನಿ ವೃಂದದ ಮೇಲೆ ಎದ್ದು ನಿಲ್ಲುತ್ತದೆ. ಎರಡರಲ್ಲೂ ಅಕ್ಷರ ಮಾಸುವುದಿಲ್ಲ.

ಮೂರು ನಿಮಿಷದಲ್ಲಿ ರಾಗವಿಸ್ತಾರ ಸಾಧ್ಯವೇ, ಇದನ್ನು ಘನವಾದ ಸಂಗೀತವೆನ್ನಬಹುದೇ ಎಂಬ ಆಕ್ಷೇಪವುಂಟು. ಆದರೆ ರಾಗವಿಸ್ತಾರವೇ ಮುಖ್ಯವಾದ ಖಯಾಲಿನ ಅಳತೆಗೋಲು ಖಯಾಲಿಗೆ ಸರಿ. ಸ್ವರಗಳ ಕಿರು ತಿರುವಾದ ಒಂದು ಸಣ್ಣ ಮುರ್ಕಿಯಿಂದಲೇ ಪದದ ಅರ್ಥ ತಿರುಗಿಸುವ ರಂಗಗೀತೆಯಲ್ಲಿ ಅಡಕವೇ ಗುಣ. ಇದು ಅಮೀರಬಾಯಿಯೊಬ್ಬರ ವೈಶಿಷ್ಟ್ಯ ಎನ್ನುವವರಿಗೆ ಅಕ್ಕ ಗೋಹರಬಾಯಿಯ ಉದಾಹರಣೆ ಉತ್ತರ: ಅವರ ಹೆಸರು ನಿಂತದ್ದು ರಂಗದ ಮೇಲಿನ ಹಾಡುಗಳಿಂದ. 1940ರ ದಶಕದ ಕೊನೆಗೆ ಲತಾ ಮಂಗೇಶ್ಕರರ ತೆಳುವಾದ ದನಿಯ ಕಡೆಗೆ ಅಭಿರುಚಿ ವಾಲಿದಾಗ ಅಮೀರಬಾಯಿಗೆ ಅವಕಾಶಗಳು ಕುಗ್ಗಿದವು. 1965ರಲ್ಲಿ ಅವರು ನಿಧನರಾದರು. ಹಾಗೆ ಹಿಂದೆ ಸರಿದದ್ದು ಒಬ್ಬ ಗಾಯಕಿ ಮಾತ್ರವಲ್ಲ, ನಾಟಕ ಕಂಪನಿಗಳು ತಿದ್ದಿ ಬೆಳೆಸಿದ ತುಂಬುಗಂಠದ ಒಂದು ಪರಂಪರೆ. ಆದ್ದರಿಂದ ಈ ಮುದ್ರಿಕೆಗಳಿಗೆ ಸಿನಿಮಾದ ಚರಿತ್ರೆಯಲ್ಲಿರುವಷ್ಟೇ ಜಾಗ ಉತ್ತರ ಕರ್ನಾಟಕದ ರಂಗಸಂಗೀತದ ಚರಿತ್ರೆಯಲ್ಲೂ ಸಲ್ಲಬೇಕು.